ಗುಡಿಯ ಆರು ಮೆಟ್ಟಿಲು

ಸೋಮವಾರ ಬೆಳಿಗ್ಗೆ ಯಾರೂ ಬರಲಿಲ್ಲ.

ಗುರುವಾರ ಶಿವಪುತ್ರನನ್ನು ಅವನ ಹೊಲದ ಬದುವಿನ ಬಳಿ ಕೂರಿಸಿ, ವಿಭೂತಿ ಇಟ್ಟು, ಮಣ್ಣು ಕೊಟ್ಟು ಬಂದಾಗಿನಿಂದ ಭಾನುವಾರ ಸಂಜೆಯ ಕಡೆಯ ಬಸ್ಸಿನವರೆಗೆ ಪಡಸಾಲೆ ತುಂಬಿಯೇ ಇತ್ತು. ಕೌಜಲಗಿಯವರು, ಮೇಲವಂಕಿಯವರು, ಹುಕ್ಕೇರಿಯ ಸೋದರಮಾವನ ಮನೆಯವರು. ಬಂದ ಹೆಂಗಸರೆಲ್ಲ ಅವನ ಹೆಂಡತಿ ದಾಕ್ಷಾಯಿಣಿಯ ಕೊರಳಿಗೆ ಬಿದ್ದು ಅತ್ತರು. ಅತ್ತು ಮುಗಿದ ಮೇಲೆ ಅವಳು ಅತ್ತಳೋ ಇಲ್ಲವೋ ಎಂದು ಮುಖ ನೋಡಿದರು. "ಕಲ್ಲಾಗ್ಯಾಳ" ಎಂದಳು ಒಬ್ಬಳು. "ಓದಿದವರ ದುಃಖ ಒಳಗ ಇರತೈತಿ" ಎಂದಳು ಇನ್ನೊಬ್ಬಳು. ಇಪ್ಪತ್ತೊಂಬತ್ತು ವರ್ಷದ ದಾಕ್ಷಾಯಿಣಿಗೆ ಅವರು ಬೇರೆ ಯಾರ ಬಗ್ಗೆಯೋ ಮಾತಾಡುತ್ತಿದ್ದಾರೆ ಎನ್ನಿಸಿತ್ತು.

ಈಗ ನಳಕ್ಕೆ ನೀರು ಬಂತು. ಎಮ್ಮೆ ಒದರಿತು. ಅಡುಗೆಮನೆಯಲ್ಲಿ ಅತ್ತೆ ಅಕ್ಕವ್ವ ರೊಟ್ಟಿ ಬಡಿಯುವ ಸಪ್ಪಳ ಎದ್ದಿತು. ಎಲ್ಲವೂ ದಿನದ ಹೊತ್ತಿಗೆ ಸರಿಯಾಗಿ.

ಎಮ್ಮೆಗೆ ಕಣಿಕೆ ತರಲು ಕೊಟ್ಟಿಗೆಗೆ ಹೋದವಳಿಗೆ ಬಾಗಿಲ ಹಿಂದಿನ ಗೂಟದಲ್ಲಿ ಆ ಪೈಪು ಕಂಡಿತು. ಗೋಡೆ ಕಟ್ಟುವ ಗೌಂಡಿಗಳು ಮಟ್ಟ ನೋಡುವ, ಬೆರಳು ದಪ್ಪದ ಪಾರದರ್ಶಕ ಪೈಪು, ನೂರು ಅಡಿ ಉದ್ದದ್ದು. ಒಳಗೆ ನೀರು ತುಂಬಿ ಎರಡು ತುದಿ ಎತ್ತಿ ಹಿಡಿದರೆ, ನಡುವೆ ಎಷ್ಟು ಏರುತಗ್ಗಿದ್ದರೂ ಎರಡೂ ಕಡೆ ನೀರು ಒಂದೇ ಎತ್ತರಕ್ಕೆ ನಿಲ್ಲುತ್ತದೆ. ಕೆಳಗಿನ ಓಣಿಯ ಗೌಂಡಿ ಮಾಳಪ್ಪನದು. ಶಿವಪುತ್ರ ಮೂರು ದಿನಕ್ಕೆಂದು ಇಸಿದುಕೊಂಡು ಬಂದು ಮೂರು ವಾರ ಇಟ್ಟುಕೊಂಡಿದ್ದ. ಕೆಲಸ ಮುಗಿದ ಮೇಲೆ ನೀರು ಚೆಲ್ಲಿ ಒಣಗಿಸಬೇಕು, ಇಲ್ಲದಿದ್ದರೆ ಪಾಚಿ ಕಟ್ಟುತ್ತದೆ. ಶಿವಪುತ್ರ ಒಂದು ದಿನವೂ ಚೆಲ್ಲಿದವನಲ್ಲ. ಸುರುಳಿಯ ತಳದಲ್ಲಿ ಹಸಿರು ನೀರು ಮಲಗಿತ್ತು.

ಅದನ್ನು ನೋಡುತ್ತ ನಿಂತಾಗ ಅವಳಿಗೆ ನೆನಪಾಯಿತು. ಇವತ್ತು ಸೋಮವಾರ. ಇವತ್ತು ಹನ್ನೊಂದಕ್ಕೆ ಸಭೆ.

ಕಡವಟ್ಟಿ ಘಟಪ್ರಭೆಯ ದಂಡೆಯ ಊರು. ಗೋಕಾಕದಿಂದ ಮೂಡಲಗಿ ಕಡೆಗೆ ಹೋಗುವಾಗ ಕಬ್ಬಿನ ನಡುವೆ ಗುಡಿಯ ಶಿಖರವಷ್ಟೇ ಕಾಣುತ್ತದೆ. ಮೇಲಿನ ಓಣಿ ಕಲ್ಲಿನದು, ಕೆಳಗಿನ ಓಣಿ ಮಣ್ಣಿನದು. ಎರಡು ಸಾವಿರದ ಹತ್ತೊಂಬತ್ತರ ಮಹಾಪೂರದಲ್ಲಿ, ಮೇಲೆ ಹಿಡಕಲ್ ಅಣೆಕಟ್ಟಿನ ಬಾಗಿಲು ತೆರೆದಾಗ, ಕೆಳಗಿನ ಓಣಿಯ ಐವತ್ತೆರಡು ಮನೆಗಳು ನೀರಿನಲ್ಲಿ ಕರಗಿ ಕೂತವು. ಆಮೇಲೂ ಹೊಳೆ ಸುಮ್ಮನಿರಲಿಲ್ಲ, ಎರಡು ಸಲ ಬಂದು ಹೊಸ್ತಿಲು ಮುಟ್ಟಿ ಹೋಯಿತು. ಐದು ವರ್ಷ ತಗಡಿನ ಕೆಳಗೆ ಕಳೆದ ಮೇಲೆ ಈಗ ಆ ಐವತ್ತೆರಡು ಮನೆ ಮಂಜೂರಾಗಿದ್ದವು. ಆರು ಅಡಿ ಎತ್ತರದ ಕಟ್ಟೆಯ ಮೇಲೆ ಒಂದೊಂದು ಮನೆ. ಮಾದರಿಗೆಂದು ಒಂದನ್ನು ಕಟ್ಟಿ, ಹಳದಿ ಬಣ್ಣ ಬಳಿದು ನಿಲ್ಲಿಸಿಯೂ ಆಗಿತ್ತು. ಇವತ್ತು ಗ್ರಾಮಸಭೆ ಕೈ ಎತ್ತಿದರೆ ಉಳಿದ ಐವತ್ತೊಂದಕ್ಕೂ ಅದೇ ಅಳತೆ.

ಆರು ಅಡಿ ಸಾಲದು ಎನ್ನುವುದು ಶಿವಪುತ್ರನ ಅನುಮಾನ. ಅನುಮಾನವನ್ನು ಅಳತೆ ಮಾಡುವುದಕ್ಕೇ ಅವನು ಪೈಪು ತಂದದ್ದು.

ಗಂಡ ಹೆಂಡತಿ ಇಬ್ಬರೂ ಧಾರವಾಡದಲ್ಲಿ ಓದಿದ್ದು ಊರು ಕಟ್ಟುವ ವಿದ್ಯೆ. ದಾಕ್ಷಾಯಿಣಿ ಅರಭಾವಿಯ ತೋಟಗಾರಿಕೆ ಕಾಲೇಜಿನ ಕಾರಕೂನರ ಮಗಳು. ಕಡೆಯ ವರ್ಷ ಅವಳು ಹೊನ್ನಾವರದ ಕಡೆ ಒಂದು ಅಳಿವೆಯ ಊರಿನಲ್ಲಿ ಎಂಟು ತಿಂಗಳು ಇದ್ದು, ಏರುವ ಸಮುದ್ರದ ಪಕ್ಕದಲ್ಲಿ ಬದುಕುವ ಊರು ಹೇಗಿರಬೇಕು ಎಂದು ಬರೆದಿದ್ದಳು. ಅಲ್ಲಿ ಸರಕಾರ ಕಲ್ಲಿನ ಗೋಡೆ ಕಟ್ಟಿತ್ತು. ಗೋಡೆ ಇದ್ದಷ್ಟು ದೂರ ಸಮುದ್ರ ನಿಂತಿತು. ಗೋಡೆ ಮುಗಿದ ಕಡೆ ಒಂದೇ ಮಳೆಗಾಲಕ್ಕೆ ಮೂರು ಮನೆ ತಿಂದಿತು. ಮೀನು ಒಣಗಿಸುವ ಮುದುಕಿಯೊಬ್ಬಳು, "ಅಂಗಳ ಸಮುದ್ರದ್ದು ತಂಗಿ, ಜಗಲಿ ಮಾತ್ರ ನಮ್ದು" ಎಂದಿದ್ದಳು. ನೂರಿಪ್ಪತ್ತು ಪುಟ ಬರೆದ ಮೇಲೆ ದಾಕ್ಷಾಯಿಣಿಗೆ ಉಳಿದದ್ದು ಆ ಒಂದು ಮಾತು. "ಸಮುದ್ರ ಬಿಟ್ಟು ಹೊಳೀಗೆ ಬಿದ್ದಾಕಿ" ಎಂದು ಶಿವಪುತ್ರ ಕೆಣಕುತ್ತಿದ್ದ. ನೀರು ಉಪ್ಪೋ ಸಿಹಿಯೋ, ತನ್ನ ಜಾಗ ಕೇಳುವ ರೀತಿ ಒಂದೇ ಎಂದು ಅವಳು ಅನ್ನುತ್ತಿದ್ದಳು.

ಕಣಿಕೆ ಹಾಕಿ ಒಳಗೆ ಬಂದು ಅವಳು ಶಿವಪುತ್ರನ ಚೀಲವನ್ನು ಮೊದಲ ಸಲ ಬಿಚ್ಚಿದಳು. ಬುಧವಾರ ಅವನು ಹುಕ್ಕೇರಿಗೆ ಹೋಗಿದ್ದ, ಕಚೇರಿಯೊಂದರಲ್ಲಿ ಕಡವಟ್ಟಿಯ ಹಳೆಯ ಏರುತಗ್ಗಿನ ನಕ್ಷೆ ಇದೆಯೆಂದು. ಬೈಕಿನ ಮೇಲೆ ಬರುವಾಗ ಮುಸ್ಸಂಜೆ. ಮುಂದೆ ಕಬ್ಬಿನ ಟ್ರೇಲರು, ಅದರ ಹಿಂದೆ ದೀಪವಿಲ್ಲ. ಅಷ್ಟೇ. ಚೀಲಕ್ಕೆ ಒಂದು ಗೀರೂ ಆಗಿರಲಿಲ್ಲ. ಒಳಗೆ ರೊಟ್ಟಿ ಕಟ್ಟಿಕೊಟ್ಟ ಬಟ್ಟೆ, ಅಳತೆಯ ಟೇಪು, ನಕ್ಷೆ. ನಕ್ಷೆಯ ಹಿಂದೆ, ಎಲ್ಲೋ ಚಹಾದ ಅಂಗಡಿಯಲ್ಲಿ ಕೂತು ಬರೆದಂತಹ ಅವನ ಅಕ್ಷರ:

ಗುಡಿಯಂಗಳದಿಂದ ಓಣಿಗೆ ಇಳಿಜಾರು. ನಕ್ಷೆ: ಎರಡು ಅಡಿ. ಪೈಪು: ಆರು ಅಡಿ. ನಾಲ್ಕು ಅಡಿ ಎಲ್ಲಿ ಹೋಯಿತು?

ಕಟ್ಟೆಯ ಎತ್ತರ ಗೊತ್ತುಮಾಡಿದ ಸರಕಾರಿ ಎಂಜಿನಿಯರನ ವರದಿಯೂ ಇದೇ ನಕ್ಷೆಯನ್ನು ನಂಬಿತ್ತು. ನಕ್ಷೆ ಸರಿಯಿದ್ದರೆ ಶಿವಪುತ್ರನ ಅಳತೆ ತಪ್ಪು, ಆರು ಅಡಿ ಕಟ್ಟೆ ಸಾಕು. ಪೈಪು ಸರಿಯಿದ್ದರೆ ಐವತ್ತೆರಡು ಮನೆ ಮತ್ತೆ ನೀರಿಗೆ. ಅವನು ಪ್ರಶ್ನೆ ಬರೆದು ಗಾಡಿ ಹತ್ತಿದ್ದ.

"ಬಾ, ಒಂದ ರೊಟ್ಟಿ ತಿನ್ನ" ಎಂದಳು ಅಕ್ಕವ್ವ.

ಇಬ್ಬರೂ ಒಲೆಯ ಮುಂದೆ ಕೂತರು. ನಾಲ್ಕು ದಿನದಲ್ಲಿ ಅಕ್ಕವ್ವನ ದನಿ ಹರಿದುಹೋಗಿತ್ತು. ಸುಮ್ಮನಿರಲಾಗದೆ ಅವಳು ಯಾವುದೋ ಮಾತು ತೆಗೆದಳು.

"ಇವತ್ತ ಗುಡಿ ಮುಂದ ಸಭಾ ಐತಂತಲ್ಲ. ಒಂಬತ್ತನೇ ದಿನಕ್ಕ ನಾವೂ ಗುಡಿಗೆ ಹೋಗಿ ಬರೂಣು. ಈಗ ಹತ್ತಾಕ ತ್ರಾಸ ಇಲ್ಲ ನೋಡವಾ. ನಾ ಈ ಊರಿಗೆ ಸೊಸಿಯಾಗಿ ಬಂದಾಗ ಏಳ ಮೆಟ್ಟಲಾ ಇದ್ದವು. ಶಿವಪುತ್ರನ್ನ ಬಗಲಾಗ ಹೊತಗೊಂಡ ಏಳೂ ಏರತಿದ್ದೆ. ಈಗ ನನ್ನ ಮಣಕಾಲೂ ಹ್ವಾದವು, ಮೆಟ್ಟಲಾನೂ ಒಂದ ಉಳೀತು. ಬಸವಣ್ಣನ ನನ್ನ ಸಲುವಾಗಿ ಕೆಳಗ ಇಳದ ಬಂದಂಗಾತು."

ದಾಕ್ಷಾಯಿಣಿಯ ಕೈಯಲ್ಲಿ ರೊಟ್ಟಿ ಹಾಗೇ ಉಳಿಯಿತು. ಅವಳು ಮದುವೆಯಾಗಿ ಬಂದದ್ದು ಪೂರ ಬಂದುಹೋದ ಮೇಲೆ. ಗುಡಿಗೆ ಒಂದೇ ಮೆಟ್ಟಿಲು ಎಂದೇ ಅವಳಿಗೆ ಗೊತ್ತು. ಶಿವಪುತ್ರನೂ ಎಂಟನೆಯ ವಯಸ್ಸಿನಿಂದ ಹುಕ್ಕೇರಿಯಲ್ಲಿ ಮಾವನ ಮನೆಯಲ್ಲಿ ಬೆಳೆದವನು, ಮೆಟ್ಟಿಲ ಲೆಕ್ಕ ಅವನಿಗೂ ಗೊತ್ತಿರಲಿಲ್ಲ.

"ಅತ್ತಿ, ಉಳದ ಆರು ಎಲ್ಲಿ ಹ್ವಾದವು?"

"ಎಲ್ಲಿ ಹೋಗತಾವ? ಫರಸಿ ಕೆಳಗ ಅದಾವ."

ಅಕ್ಕವ್ವ ಹೇಳಿದಳು. ಪೂರ ಇಳಿದಾಗ ಗುಡಿಯಂಗಳದಲ್ಲಿ ಸೊಂಟದ ಮಟ ಹೊಳೆಯ ಮಣ್ಣು ನಿಂತಿತ್ತು. ಬೇರೆ ಕಡೆಯ ಮಣ್ಣನ್ನೆಲ್ಲ ಬುಟ್ಟಿಯಲ್ಲಿ ತುಂಬಿ ಹೊರಗೆ ಚೆಲ್ಲಿದರು. ಗುಡಿಯಂಗಳದ್ದನ್ನು ಮಾತ್ರ ಯಾರೂ ಮುಟ್ಟಲಿಲ್ಲ. ಹೊಳೆಯ ತಾಯಿ ಗಂಗವ್ವ ತಾನಾಗಿ ದೇವರ ಪಾದಕ್ಕೆ ತಂದು ಹಾಕಿದ್ದು, ಅದನ್ನು ಎತ್ತಿ ತಿಪ್ಪೆಗೆ ಹಾಕುವುದುಂಟೇ? ಅದರ ಮೇಲೆ ಮುರಮಿನ ಕಲ್ಲುಮಣ್ಣು ಹಾಕಿ, ಬಡಿದು, ಹಾಸುಗಲ್ಲಿನ ಫರಸಿ ಜೋಡಿಸಿದರು. ಮನೆಗೊಂದು ಆಳು ಬಂದು ಭಕ್ತಿಯಿಂದ ದುಡಿದ ಕೆಲಸ. ಮುಂದೆ ನಿಂತು ಮಾಡಿಸಿದವನು ಈಗಿನ ಪಂಚಾಯಿತಿ ಅಧ್ಯಕ್ಷ ರಾಚಪ್ಪ. ನಡುವಿನ ಕಲ್ಲಿನ ಮೇಲೆ ಅವನ ತೀರಿದ ಅಪ್ಪನ ಹೆಸರು.

ಪೂರದ ನೀರು ಎಲ್ಲಿಗೆ ಬಂದಿತ್ತು ಎನ್ನುವುದಕ್ಕೆ ಊರಲ್ಲಿ ಉಳಿದ ಗುರುತು ಗುಡಿಯ ಕಲ್ಲಿನ ಗೋಡೆಯ ಮೇಲಿನ ಕೆಂಪು ಗೆರೆ ಒಂದೇ. ಕೆಳಗಿನ ಓಣಿಯ ಮಣ್ಣಿನ ಗೋಡೆಗಳು ಗುರುತು ಸಮೇತ ಕರಗಿದ್ದವು. ನಮ್ಮ ಮಾಳಿಗೆ ಮುಳುಗಿತ್ತು ಎಂದು ಅವರು ಹೇಳಿದರೆ, ಸಾಕ್ಷಿ ಎಲ್ಲಿ ಎಂದು ಅಧಿಕಾರಿಗಳು ಕೇಳಿದರು. ಎಂಜಿನಿಯರ ಗೆರೆಯನ್ನು ಅಳೆದದ್ದು ಹೊಸ ಅಂಗಳದಿಂದ. ಇಳಿಜಾರು ಓದಿದ್ದು ಹಳೆಯ ನಕ್ಷೆಯಿಂದ. ನಡುವೆ ನಾಲ್ಕು ಅಡಿ ಭಕ್ತಿ ಇತ್ತು.

ದಾಕ್ಷಾಯಿಣಿ ರೊಟ್ಟಿಯನ್ನು ತಿಂದು ಮುಗಿಸಿದಳು. ಎದ್ದು ಕೊಟ್ಟಿಗೆಗೆ ಹೋಗಿ ಪೈಪನ್ನು ಹೆಗಲಿಗೆ ಹಾಕಿಕೊಂಡಳು.

ಅಕ್ಕವ್ವ ಬಾಗಿಲಿಗೆ ಬಂದಳು. "ಎಲ್ಲಿಗೆ?"

"ಸಭಾಕ್ಕ."

"ಹುಚ್ಚ ಹಿಡೀತೇನ? ಇನ್ನಾ ನಾಕ ದಿನಾ ಆಗಿಲ್ಲ. ಮಂದಿ ಏನಂದಾರು?"

"ನಾಕ ದಿನದಿಂದ ಅಂದಾರಲ್ರಿ, ಇನ್ನೇನ ಉಳದಿರತೈತಿ."

"ನನ್ನ ಮಗಾ ಹ್ವಾದ ಹಾದಿಯೊಳಗ ನೀನೂ ಹೊಂಟೇನ? ಆ ಅಳತಿ, ಆ ಓಣಿ, ಅದ ಅವನ್ನ ತಿಂತು."

"ಅವರನ್ನ ತಿಂದದ್ದು ದೀಪ ಇಲ್ಲದ ಟ್ರೇಲರ" ಎಂದಳು ದಾಕ್ಷಾಯಿಣಿ. ದನಿ ಏರಲಿಲ್ಲ. "ಓಣಿ ಏನ ಮಾಡೇತ್ರಿ ಅತ್ತಿ?"

ಸೊಸೆ ಮೆಟ್ಟಿಲಿಳಿದು ನಡೆದಳು.

ಗುಡಿಯಂಗಳದಲ್ಲಿ ಜನ ಸೇರಿದ್ದರು. ಮೇಲಿನ ಓಣಿಯವರು ನೆರಳಲ್ಲಿ, ಕೆಳಗಿನ ಓಣಿಯವರು ಬಿಸಿಲಲ್ಲಿ. ಬೇವಿನ ಕೆಳಗೆ ನಾಲ್ಕು ಕುರ್ಚಿ. ಒಂದರಲ್ಲಿ ರಾಚಪ್ಪ, ಪಕ್ಕದಲ್ಲಿ ಮೂಡಲಗಿಯಿಂದ ಬಂದ ಎಳೆಯ ಎಂಜಿನಿಯರ. ಹೆಗಲ ಮೇಲೆ ಪೈಪಿನ ಸುರುಳಿ ಹೊತ್ತ ದಾಕ್ಷಾಯಿಣಿ ಒಳಗೆ ಬಂದಾಗ ಜನ ಸರಿದು ಹಾದಿ ಬಿಟ್ಟರು. ಅವಳು ಯಾರ ಕಡೆಗೂ ನೋಡದೆ ನೇರ ಗುಡಿಯ ಬಾಗಿಲಿಗೆ ಹೋಗಿ, ಉಳಿದಿದ್ದ ಆ ಒಂದು ಮೆಟ್ಟಿಲಿಗೆ ಟೇಪು ಹಿಡಿದಳು. ಎಂಟು ಇಂಚು. ಎಂಟಾರಲೆ ನಲವತ್ತೆಂಟು. ನಾಲ್ಕು ಅಡಿ.

ರಾಚಪ್ಪ ಕುರ್ಚಿಯಿಂದ ಎದ್ದ. ಅವನು ಕೆಟ್ಟವನಲ್ಲ. ಬುಧವಾರ ರಾತ್ರಿ ಗೋಕಾಕದ ಆಸ್ಪತ್ರೆಯಿಂದ ಶಿವಪುತ್ರನನ್ನು ತಂದದ್ದು ಅವನ ಗಾಡಿಯಲ್ಲೇ. ಹೆಗಲು ಕೊಟ್ಟವರಲ್ಲಿ ಅವನೇ ಮೊದಲಿಗ.

"ಯವ್ವಾ ದಾಕ್ಷಾಯಿಣಿ, ನೀ ಯಾಕ ಬರಾಕ ಹ್ವಾದಿ? ಏನ ಬೇಕಿದ್ರೂ ಹೇಳಿ ಕಳಸಿದ್ರ ನಾನ ಮನೀಗೆ ಬರತಿದ್ದೆ."

"ಊರ ಸಭಾ ಅಲ್ಲೇನ್ರಿ ಕಾಕಾ? ನಾನೂ ಊರಾಕೀನ."

"ಅದು ಖರೆ. ಆದ್ರ ಸೂತಕದ ಮನಿ…"

"ಬಸವ ಜಯಂತಿ ದಿನಾ ಇದ ಕಟ್ಟಿ ಮ್ಯಾಲ ನಿಂತು ನಮಗ ಸೂತಕ ಇಲ್ಲ ಅಂತ ಭಾಷಣಾ ಮಾಡಿದಾವ್ರು ನೀವ. ಮುಂದಿನ ಸಾಲಿನ್ಯಾಗ ಕುಂತ ಕೇಳೇನಿ."

ಬಿಸಿಲಿನ ಕಡೆಯಿಂದ ಯಾರೋ ಕಿಸಕ್ಕನೆ ನಕ್ಕರು. ರಾಚಪ್ಪ ಕೂತ.

ದಾಕ್ಷಾಯಿಣಿ ಎಂಜಿನಿಯರನ ಕಡೆ ತಿರುಗಿದಳು. "ಸರ್, ಕೆಂಪ ಗೆರಿ ಅಂಗಳದಿಂದ ಎಷ್ಟ ಎತ್ತರ ಐತ್ರಿ?"

"ಮೂರು ಅಡಿ ಮೇಡಂ."

"ಅಂಗಳದಿಂದ ಓಣಿಗೆ ಇಳಿಜಾರು?"

"ನಕ್ಷೆ ಪ್ರಕಾರ ಎರಡು. ಓಣಿಯಲ್ಲಿ ಐದು ಅಡಿ ನೀರು. ಒಂದು ಅಡಿ ಹೆಚ್ಚಿಗೆ ಹಿಡಿದು ಆರು ಅಡಿ ಕಟ್ಟೆ. ಲೆಕ್ಕ ಸರಿ ಇದೆ ಮೇಡಂ."

"ಲೆಕ್ಕ ಖರೆ ಐತ್ರಿ. ಅಂಗಳಾ ಸುಳ್ಳ ಐತಿ."

ಗದ್ದಲವೆದ್ದಿತು. ರಾಚಪ್ಪನ ಮುಖ ಕೆಂಪಾಯಿತು. ಅವನು ತನ್ನ ಕಾಲ ಬಳಿಯ ಹೆಸರಿನ ಕಲ್ಲನ್ನು ತೋರಿಸಿದ. "ನಮ್ಮಪ್ಪನ ಹೆಸರಿನ ಫರಸಿ ಸುಳ್ಳ ಅಂತಿಯೇನ?"

"ಹೆಸರು ಖರೆ ಐತ್ರಿ ಕಾಕಾ. ಎತ್ತರ ಖರೆ ಇಲ್ಲ. ನಕ್ಷಾ ಮಾಡಿದಾಗ ಈ ಗುಡಿಗೆ ಏಳ ಮೆಟ್ಟಲಾ ಇದ್ದವು."

"ಏಳ? ಯಾರ ಹೇಳಿದ್ರು? ಎರಡೋ ಮೂರೋ ಇದ್ದವು. ಎಲ್ಲಾರೂ ಕೂಡಿ ಭಕ್ತೀಲೆ ಮಾಡಿದ ಕೆಲಸದಾಗ ಕಡ್ಡಿ ಆಡಸಬ್ಯಾಡ." ಸುತ್ತ ನೋಡಿದ. "ಯಾರಿಗೆರೆ ಏಳು ನೆನಪೈತೇನು? ಹೇಳ್ರಿ."

ಮೇಲಿನ ಓಣಿಯವರು ನೆಲ ನೋಡಿದರು. ದಿನವೂ ಏರಿಳಿದ ಮೆಟ್ಟಿಲನ್ನು ಎಣಿಸಿಟ್ಟುಕೊಂಡವರು ಕಡಿಮೆ. ಎಣಿಸಿದವರಿಗೂ ಅಧ್ಯಕ್ಷನ ಎದುರು ನಾಲಿಗೆ ಏಳಲಿಲ್ಲ.

ದಾಕ್ಷಾಯಿಣಿ ಬಿಸಿಲಿನ ಕಡೆ ನೋಡಿದಳು. "ಮಾಳಪ್ಪಣ್ಣಾ, ನಿಮ್ಮ ಪೈಪ ನನ್ನ ಹತ್ರ ಐತಿ. ಒಂದ ತುದಿ ಹಿಡೀರಿ, ಬರ್ರಿ."

ಮಾಳಪ್ಪ ತಟ್ಟನೆ ಏಳಲಿಲ್ಲ. ವರ್ಷದಲ್ಲಿ ಆರು ತಿಂಗಳು ರಾಚಪ್ಪನ ಕೆಲಸವೇ ಅವನಿಗೆ ಅನ್ನ. ಪಕ್ಕದಲ್ಲಿ ಕೂತಿದ್ದ ಹೆಂಡತಿ ಸತ್ತೆವ್ವ ಮೊಣಕೈಯಿಂದ ತಿವಿದಳು. "ಏಳ. ಕುಂತ ಕುಂತ ಐದ ವರ್ಷ ಆತು." ಅವನು ಎದ್ದ. ಹೆಗಲಿನ ಟವೆಲು ತಲೆಗೆ ಸುತ್ತಿಕೊಂಡು ಬಂದು ಪೈಪು ಬಿಚ್ಚಿ, ಒಳಗಿನ ಹಸಿರು ನೀರನ್ನು ಊದಿ ಹೊರಹಾಕಿದ. "ಎಷ್ಟ ಹೇಳಿದ್ರೂ ಒಣಗಸೂದಿಲ್ಲ ಈ ಮನಷ್ಯಾ" ಎಂದವನು ನಾಲಿಗೆ ಕಚ್ಚಿಕೊಂಡ. ಗುಡಿಯ ನಳದಿಂದ ಹೊಸ ನೀರು ಬಿಟ್ಟ. ನೂರು ಅಡಿಯ ಉದ್ದಕ್ಕೂ ಬೆರಳಿಂದ ತಟ್ಟುತ್ತ ಗುಳ್ಳೆ ಹೊರಡಿಸಿದ. "ಒಂದ ಗುಳ್ಳಿ ಉಳದ್ರೂ ಸುಳ್ಳ ಹೇಳತೈತ್ರಿ ಸಾಹೇಬ್ರ, ನೀವ ನೋಡ್ಕೊಳ್ರಿ" ಎಂದು ಎಂಜಿನಿಯರನಿಗೂ ತೋರಿಸಿದ.

ದಾಕ್ಷಾಯಿಣಿ ಒಂದು ತುದಿಯನ್ನು ಕೆಂಪು ಗೆರೆಗೆ ಹಿಡಿದು ನಿಂತಳು. ಮಾಳಪ್ಪ ಇನ್ನೊಂದು ತುದಿಗೆ ಹೆಬ್ಬೆರಳು ಒತ್ತಿ ಇಳಿಜಾರು ಇಳಿದ. ಹಳದಿ ಮಾದರಿ ಮನೆ ಅಂಗಳದ ಕೆಳಗೇ, ಎಂಬತ್ತು ಅಡಿಯೊಳಗೆ ಇತ್ತು. ಅದರ ಮೆಟ್ಟಿಲು ಏರಿ, ಆರಡಿ ಕಟ್ಟೆಯ ಮೇಲೆ, ಹೊಸ ಗೋಡೆಗೆ ಪೈಪು ತಾಗಿಸಿದ. ಜನ ಅವನ ಹಿಂದೆ ಓಡಿದರು. ಎಂಜಿನಿಯರನೂ ಓಡಿದ.

ಗೆರೆಯ ಬಳಿ ದಾಕ್ಷಾಯಿಣಿ ಒಬ್ಬಳೇ ಉಳಿದಳು. ಅಲ್ಲಿಂದ ಅವಳಿಗೆ ಮನುಷ್ಯರ ಬೆನ್ನು ಮಾತ್ರ ಕಾಣುತ್ತಿತ್ತು. ಕೈ ಅಲುಗಬಾರದು. ಪೈಪಿನೊಳಗಿನ ನೀರು ಗೆರೆಯ ಪಕ್ಕದಲ್ಲಿ ಸಣ್ಣಗೆ ಏರಿ ಇಳಿಯಿತು. ಮೂರು ವಾರದ ಹಿಂದೆ ಇಲ್ಲಿ ಇದೇ ತುದಿ ಹಿಡಿದು ನಿಂತವನು ಶಿವಪುತ್ರ.

ಕೆಳಗೆ ಮಾಳಪ್ಪ ಪಾದದ ಬಳಿ ಹೆಬ್ಬೆರಳು ಸರಿಸಿದ. ನೀರು ಚಿಮ್ಮಿತು. ಮೊಣಕಾಲಿಗೆ ಎತ್ತಿದ. ಚಿಮ್ಮಿತು. ಪ್ರತಿ ಸಲವೂ ಮೇಲಿನಿಂದ ಅವಳು ಗುಡಿಯ ತಂಬಿಗೆಯಿಂದ ನೀರು ತುಂಬಿ ಮತ್ತೆ ಗೆರೆಗೆ ತಂದಳು. ತೊಡೆಗೆ ಎತ್ತಿದ. ಉಕ್ಕಿ ಹರಿಯಿತು. ಸೊಂಟಕ್ಕೆ ಎತ್ತಿದಾಗ ನೀರು ಬಾಯಿಯ ತನಕ ಬಂದು, ನಡುಗಿ, ನಿಂತಿತು.

"ಮೂರ ಅಡಿ!" ಎಂದು ಮಾಳಪ್ಪ ಕೂಗಿದ. "ಕಟ್ಟಿ ಮ್ಯಾಲ ಮೂರ ಅಡಿ!"

ಸತ್ತೆವ್ವ ಮಾದರಿ ಮನೆಯ ಒಳಗೆ ಹೋಗಿ ಬಂದಳು. "ಅಯ್ಯ ಶಿವನ, ಒಲಿ ಕಟ್ಟಿ ಮುಣಗತೈತಿ!"

ಕೆಳಗಿನ ಓಣಿಯ ತಾಯವ್ವ ಎಂಬ ಎಂಬತ್ತರ ಮುದುಕಿ ಕೋಲೂರಿ ಮೆಟ್ಟಿಲೇರಿ, ಮಾಳಪ್ಪ ಗೀಚಿದ ಗೆರೆಯ ಕೆಳಗೆ ಗೋಡೆಗೆ ಆತು ಕೂತಳು. ಗೆರೆ ಅವಳ ನೆತ್ತಿಯ ಮೇಲೆ ಉಳಿಯಿತು.

"ಕುಂತ್ರ ನಾ ಮುಣಗತೇನಿ. ನಿಂತ ನಿದ್ದಿ ಮಾಡ್ಲೇನ್ರಿ ಸಾಹೇಬ್ರ?"

ನಗು ಎದ್ದಿತು, ಆದರೆ ಬಹಳ ಹೊತ್ತು ಉಳಿಯಲಿಲ್ಲ. ಐವತ್ತೆರಡು ಮನೆಯವರೂ ಗೆರೆಯನ್ನು ನೋಡುತ್ತಿದ್ದರು.

ಎಂಜಿನಿಯರ ತಾನೇ ತುದಿ ಹಿಡಿದು ಇನ್ನೊಮ್ಮೆ ನೋಡಿದ. ಅದೇ ಮೂರು ಅಡಿ. ಮೇಲೆ ಬಂದಾಗ ಅವನ ಅಂಗಿ ತೊಯ್ದಿತ್ತು. "ಅಂಗಳ ಏರಿಸಿದ್ದು ಯಾರೂ ನನಗೆ ಹೇಳಲಿಲ್ಲ" ಎಂದ. "ನಾಲ್ಕು ಅಡಿ ಏರಿಸಿದ್ದು ಖಚಿತವಾದರೆ ವರದಿ ಬದಲಾಗುತ್ತದೆ. ಆದರೆ ಅಧ್ಯಕ್ಷರು ಎರಡೋ ಮೂರೋ ಮೆಟ್ಟಿಲು ಅಂತಿದಾರೆ."

"ಈ ಫರಸಿ ಹಾಕಿದಾವ ನಾನ ಅದೇನ್ರಿ" ಎಂದ ಮಾಳಪ್ಪ ತಲೆ ತಗ್ಗಿಸಿ. "ಮೆಟ್ಟಲಾ ಮುಚ್ಚಿದಾವನೂ ನಾನ. ಆರ ಮುಚ್ಚೇನಿ."

"ಕೂಲಿಯಾಂವ ಏನರೆ ಅಂತಾನ" ಎಂದ ರಾಚಪ್ಪ.

ಆಗ ಹಿಂದಿನಿಂದ ಹರಿದ ದನಿಯೊಂದು ಕೇಳಿತು.

"ಏಳ ಇದ್ದವೋ ರಾಚಪ್ಪ."

ಅಕ್ಕವ್ವ. ಮನೆಯಿಂದ ಇಲ್ಲಿಯವರೆಗೆ ಗೋಡೆ ಹಿಡಿದು ಹಿಡಿದು ಬಂದಿದ್ದಳು. ಸೆರಗು ತಲೆಯ ಮೇಲೆ ಎಳೆದುಕೊಂಡು ಅಂಗಳದ ನಡುವೆ ನಿಂತಳು.

"ನಾಕನೇ ಮೆಟ್ಟಲದ ಮ್ಯಾಲ ಬಿದ್ದ ಮುಂದಿನ ಹಲ್ಲ ಮುರಕೊಂಡಾವ ಯಾರೋ? ನಾನೇನ? ನಾ ಆಗ ಹೊಸ ಸೊಸಿ. ನಿನ್ನ ಎತ್ತಿ ಮೂರ ಮೆಟ್ಟಲಾ ಮ್ಯಾಲ ಒಯ್ದು, ಕಟ್ಟಿ ಮ್ಯಾಲ ಕುಂದರಿಸಿ, ನೀರ ಕುಡಿಸಿದಾಕಿ ನಾನ. ನಾಕೂ ಮೂರೂ ಎಷ್ಟಾತೋ, ಅಧ್ಯಕ್ಷಾ?"

ರಾಚಪ್ಪನ ನಾಲಿಗೆ ಅವನಿಗೆ ತಿಳಿಯದೆಯೇ ಮುಂದಿನ ಕಟ್ಟಿಸಿದ ಹಲ್ಲಿಗೆ ಹೋಯಿತು. ಎಲ್ಲರೂ ಕಂಡರು. ಈ ಸಲ ನೆರಳಿನವರೂ ನಕ್ಕರು. ಅವರ ನಡುವಿನಿಂದ ಯಾರೋ, "ಏಳ ಇದ್ದವ ಬಿಡ್ರಿ" ಎಂದರು. 

ರಾಚಪ್ಪ ನಗಲಿಲ್ಲ. ಅಪ್ಪನ ಹೆಸರಿನ ಕಲ್ಲನ್ನು ತುಸು ಹೊತ್ತು ನೋಡಿದ. ಆಮೇಲೆ ದಾಕ್ಷಾಯಿಣಿಗೆ, "ಮತ್ತ ನೀ ಹೇಳೂದೇನ? ಒಂಬತ್ತ ಹತ್ತ ಅಡಿ ಕಟ್ಟಿ ಕಟ್ಟೂಣೇನ? ಏಣಿ ಹಚ್ಚಿ ಏರತಾರೇನ?"

"ಐವತ್ತೆರಡ ಕಟ್ಟಿ ಬ್ಯಾಡ್ರಿ. ಓಣಿಗೆಲ್ಲಾ ಕೂಡಿ ಒಂದ ದಿಣ್ಣಿ. ಹತ್ತ ಅಡಿ. ಒಂದ ಬಾಜೂ ಉದ್ದಕ ಇಳಕಲಾ, ಚಕ್ಕಡಿ ಏರಬೇಕು. ಮೆಟ್ಟಲಾ ಕುರಿ ಏರತಾವ, ಎಮ್ಮಿ ಏರೂದಿಲ್ಲ. ಎಮ್ಮಿ ಬಿಟ್ಟ ಮಂದಿ ಏರೂದಿಲ್ಲ. ಹಿಂದಕ ಪೂರ ಬಂದಾಗ ಮನಿ ಬಿಡಾಕ ತಡಾ ಆಗಿದ್ದ ಅದಕ."

"ಹೌದು" ಎಂದಳು ಸತ್ತೆವ್ವ.

"ದಿಣ್ಣಿ ಕೆಳಗಿನ ಜಾಗಾ ಖಾಲಿ ಇರಲಿ. ಬಣಿವಿ ಒಟ್ರಿ, ಸಂತಿ ಮಾಡ್ರಿ, ಕುಸ್ತಿ ಆಡ್ರಿ. ಅಂಗಳಾ ಹೊಳೀದು, ಜಗಲಿ ನಮ್ಮದು."

"ಅಷ್ಟ ಮಣ್ಣ ಎಲ್ಲಿಂದ ತರತಿ?"

"ಹಳೇ ಹಳ್ಳದಿಂದ. ಮದಲ ಪೂರದ ನೀರು ಆ ಹಳ್ಳದಾಗ ಹಾದು ಊರ ಬಿಟ್ಟ ಹೋಗತಿತ್ತು. ಅದು ಮುಚ್ಚೈತಿ. ತೋಡಿದ್ರ ಹೊಳೀಗೆ ಹಾದಿ, ನಮಗ ಮಣ್ಣ."

"ಹಳ್ಳದಾಗ ನಂದ ಕಬ್ಬ ಐತಿ."

"ಐತ್ರಿ. ಅದಕ್ಕ ನಿಮ್ಮ ಮುಂದ ಹೇಳಾಕತ್ತೇನಿ."

ಗಂಡನ ಹೆಣ ತಂದುಕೊಟ್ಟವನ ಎದುರು ಹೀಗೆ ನಿಂತು ಮಾತಾಡುವುದು ಕೃತಘ್ನತೆಯೇ ಎಂದು ಅವಳೂ ಒಂದು ಗಳಿಗೆ ಯೋಚಿಸಿದಳು. ಅವಳ ಕಣ್ಣು ತಗ್ಗಲಿಲ್ಲ.

"ಕಬ್ಬಿನ ಮಾತ ಆಮ್ಯಾಲ" ಎಂದ ರಾಚಪ್ಪ ಕಡೆಗೆ, ಟವೆಲು ಕೊಡವಿ ಏಳುತ್ತ. "ಹಳ್ಳಾ ಕೊಡತೇನಿ ಅಂತ ತಿಳೀಬ್ಯಾಡ. ಆದ್ರ ತಾಯವ್ವಗ ನಿಂತ ನಿದ್ದಿ ಮಾಡ ಅಂತ ನಾ ಸಹಿ ಹಾಕೂದಿಲ್ಲ." ಎಂಜಿನಿಯರನ ಕಡೆ ಕೈ ಮಾಡಿದ. "ಬರಕೋರಿ. ಇವತ್ತಿನ ಠರಾವ ರದ್ದ. ಮನಿ ಮನಿ ಹಿಡದ ಮತ್ತ ಅಳೀಬೇಕು."

"ಅಳಿಯೋರು ಯಾರು?" ಎಂಜಿನಿಯರ ಪೆನ್ನು ಹಿಡಿದು ಕೇಳಿದ.

"ದಾಕ್ಷಾಯಿಣಿ ಶಿವಪುತ್ರ ಅಂತ ಬರೀರಿ" ಎಂದಳು ಅವಳು.

ಇಳಿಹೊತ್ತಿಗೆ ಅವಳು ಕೊಟ್ಟಿಗೆಯ ಮುಂದೆ ನಿಂತು ಪೈಪಿನ ಒಂದು ತುದಿಯನ್ನು ಗೂಟಕ್ಕೆ ಎತ್ತಿ ಕಟ್ಟಿ, ಇನ್ನೊಂದನ್ನು ಕೆಳಗೆ ಬಿಟ್ಟಳು. ನೀರು ಎಮ್ಮೆ ಕುಡಿಯುವ ಕಲ್ಲಿನ ದೋಣಿಗೆ ಹರಿದು ಮುಗಿಯಿತು. ಬಿಸಿಲಲ್ಲಿ ಹರಡಿ, ಊದಿ, ಒಳಗೆ ಒಂದು ಹನಿಯೂ ಇಲ್ಲದಂತೆ ಮಾಡಿ ಸುರುಳಿ ಸುತ್ತಿದಳು. ಅಕ್ಕವ್ವ ಒಳಗೆ ಹೋಗಿ, ಬಟ್ಟೆಯಲ್ಲಿ ಎರಡು ಬೊಗಸೆ ಶೇಂಗಾ ಗಂಟು ಕಟ್ಟಿ ತಂದು ಸುರುಳಿಯ ನಡುವೆ ಇಟ್ಟಳು.

"ಇಸಗೊಂಡದ್ದನ್ನ ಬರೇ ಕೈಲೆ ಕೊಡಬಾರದು" ಎಂದಳು.

ಕೆಳಗಿನ ಓಣಿಯಲ್ಲಿ ಮಾಳಪ್ಪ ತಗಡಿನ ಮನೆಯ ಮುಂದೆ ಕೈಕಾಲು ತೊಳೆಯುತ್ತಿದ್ದ. ಅವಳನ್ನು ಕಂಡು ಎದ್ದ.

"ಬರ್ರಿ ಅಕ್ಕಾರ. ಪೈಪ ಯಾಕ ತಂದ್ರಿ? ಕೆಲಸ ಐತಲ್ಲ, ಇರ್ಲಿ ಬಿಡ್ರಿ. ನಾ ಮೂಡಲಗ್ಯಾನ ಗೆಳ್ಯಾನ ಹತ್ರ ಒಂದ ತಂದೇನಿ."

"ಇಲ್ರಿ ಅಣ್ಣಾ. ಅವರು ಇಸಗೊಂಡಿದ್ರು. ಅವರ ಸಲುವಾಗಿ ನಾ ಮುಟ್ಟಸಬೇಕು."

ಅವನು ಎರಡೂ ಕೈ ಚಾಚಿ ತೆಗೆದುಕೊಂಡ. ಗೌಂಡಿಯ ರೂಢಿ ಬಿಡಲಿಲ್ಲ, ಒಂದು ತುದಿ ಬಾಯಿಗಿಟ್ಟು ಊದಿದ, ಇನ್ನೊಂದು ತುದಿಗೆ ಅಂಗೈ ಹಿಡಿದ. ಒಣ ಗಾಳಿ ಬಂತು.

"ಒಂದ ಸಲರೆ ಅವರು ಹಿಂಗ ಒಣಗಿಸಿಲ್ಲ ನೋಡ್ರಿ" ಎಂದು ನಕ್ಕ. ನಕ್ಕವನು ಅರ್ಧಕ್ಕೆ ನಿಲ್ಲಿಸಿ ಆಚೆ ತಿರುಗಿದ.

ದಾಕ್ಷಾಯಿಣಿಯ ಬಾಯಿಯ ಅಂಚು ತುಸು ಅಲುಗಿತು. ಐದು ದಿನದಲ್ಲಿ ಮೊದಲ ಸಲ ಅವಳ ಕಣ್ಣು ಉರಿಯಿತು. ಅವಳು ಅದನ್ನು ಒರೆಸಿಕೊಳ್ಳಲಿಲ್ಲ.

ಮಾಳಪ್ಪ ಪೈಪನ್ನು ಒಳಗಿನ ಮೊಳೆಗೆ ತೂಗುಹಾಕಲು ಹೋಗುತ್ತಿದ್ದ.

"ಒಳಗ ಬ್ಯಾಡ್ರಿ" ಎಂದಳು. "ಬಾಗಲಾ ಕಡೆ ಹಾಕ್ರಿ. ನಾಳಿ ಮುಂಜಾನಿ ಏಳಕ್ಕ ನಾ ಬರತೇನಿ. ಇನ್ನಾ ಐವತ್ತೊಂದ ಮನಿ ಅದಾವ."